ಸ್ಕ್ಯಾನ್ ಆದ ಮೇಲೂ ನಮ್ಮ ಕೆಲಸ ಮುಗಿಯುವುದಿಲ್ಲ

ಮಂಗಳೂರಿನ ದಾಖಲೆ ಕೊಠಡಿಗಳಲ್ಲಿ ದುಡಿಯುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದ್ಯೋಗಿಗಳೇ,

ತಾಲೂಕು ಕಚೇರಿಯ ಅಭಿಲೇಖಾಲಯ, ಲಾಲ್‌ಬಾಗಿನ ಮಹಾನಗರ ಪಾಲಿಕೆ, ಉಪನೋಂದಣಿ ಕಚೇರಿ, ನ್ಯಾಯಾಲಯದ ನಕಲು ಶಾಖೆ, ಬ್ಯಾಂಕುಗಳ ವಲಯ ಕಚೇರಿ, ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗ, ಪಣಂಬೂರಿನ ಬಂದರು, ಕಾಲೇಜು, ಸಹಕಾರಿ ಸಂಘ, ಇಗರ್ಜಿ, ದೇವಸ್ಥಾನ, ಮಸೀದಿಗಳ ಆಡಳಿತ ಕಚೇರಿ: ಇಲ್ಲೆಲ್ಲ ಈ ಊರಿನ ಕಾಗದಪತ್ರ ಕಾಯುತ್ತಿರುವ ನಿಮಗೆಲ್ಲ ಒಟ್ಟಾಗಿ ಈ ಪತ್ರ. ನಾನೂ ಇದೇ ಕೆಲಸದಲ್ಲಿ ಇದ್ದು ನಿವೃತ್ತನಾದವನು. ಹಾಗಾಗಿ ನಿಮ್ಮ ಕಷ್ಟವನ್ನು ನಿಮಗೆ ವಿವರಿಸಲು ಹೋಗುವುದಿಲ್ಲ. ಹೇಳಬೇಕಾದ ಒಂದು ಮಾತಿದೆ, ಅದನ್ನು ನೇರವಾಗಿ ಹೇಳುತ್ತೇನೆ.

ನಿಮ್ಮಲ್ಲಿ ಹೆಚ್ಚಿನವರು ಈ ಕೆಲಸಕ್ಕೆಂದೇ ನೇಮಕವಾಗಿ ಬಂದವರಲ್ಲ. ದ್ವಿತೀಯ ದರ್ಜೆ ಸಹಾಯಕರಾಗಿಯೋ ಗುಮಾಸ್ತರಾಗಿಯೋ ಸೇರಿದಿರಿ. ಒಂದು ದಿನ ಆದೇಶ ಬಂತು, ರೆಕಾರ್ಡ್ ರೂಮಿನ ಬೀಗದ ಕೈ ನಿಮ್ಮ ಕೈಗೆ ಬಂತು. ಹಿಂದೆ ಇದ್ದವರು ಚಾರ್ಜ್ ಕೊಡುವಾಗ ಯಾವ ಕಪಾಟಿನಲ್ಲಿ ಏನಿದೆ ಎಂದು ಬೆರಳು ಮಾಡಿ ತೋರಿಸಿದ್ದೇ ನಿಮಗೆ ಸಿಕ್ಕ ತರಬೇತಿ. ಲೆಕ್ಕ ನೋಡುವವರಿಗೆ ಲೆಕ್ಕಪತ್ರದ ಪರೀಕ್ಷೆ ಇದೆ, ಸರ್ವೆಯವರಿಗೆ ಸರ್ವೆ ತರಬೇತಿ ಇದೆ. ಕಡತ ಕಾಯುವವರಿಗೆ ಬೀಗದ ಕೈ ಒಂದೇ. ಇದು ಸರಿಯಲ್ಲ. ದಾಖಲೆ ಇಡುವುದು ಕಲಿತು ಮಾಡಬೇಕಾದ ವೃತ್ತಿ. ಅದನ್ನು ಕಲಿಸುವವರು ಬರಲಿ ಎಂದು ಇನ್ನು ಕಾಯುವುದು ಬೇಡ; ಈ ಊರಿನಲ್ಲಿ ನಾವೇ ಒಟ್ಟಾಗಿ ಕಲಿಯೋಣ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಈಗಲೇ ಯಾಕೆ ಎಂದರೆ, ಈಗ ಎಲ್ಲ ಕಡೆ ಸ್ಕ್ಯಾನಿಂಗ್ ನಡೆಯುತ್ತಿದೆ. ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಯೋಜನೆ ಕೈಗೆತ್ತಿಕೊಂಡು ತಾಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಗಣಕೀಕರಿಸತೊಡಗಿತು. ಇ-ಆಫೀಸ್ ಬಂದಿದೆ, ಇ-ಖಾತಾ ಬಂದಿದೆ. ಇದೆಲ್ಲ ಬೇಕಾದದ್ದೇ. ತಿದ್ದಿದ, ಹರಿದ, ಕಳವಾದ ಕಡತಗಳ ಕಾಟ ಕಂಡ ಯಾರೂ ಇದನ್ನು ಬೇಡ ಎನ್ನಲಾರರು. ಆದರೆ ಇದರ ಜೊತೆಗೇ ಒಂದು ಮಾತು ಕಚೇರಿಯಿಂದ ಕಚೇರಿಗೆ ಹಬ್ಬುತ್ತಿದೆ: “ಎಲ್ಲಾ ಕಂಪ್ಯೂಟರಿಗೆ ಹೋಯ್ತಲ್ಲ, ಇನ್ನು ಈ ಹಳೇ ಕಾಗದ ಯಾಕೆ?” ಈ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದವರು ನೀವು. ನೀವು ಸುಮ್ಮನಿದ್ದರೆ ಉತ್ತರ ಹೇಳುವವರು ಬೇರೆ ಯಾರೂ ಇಲ್ಲ.

ಉತ್ತರವನ್ನು ‘ಭೂಮಿ’ ಯೋಜನೆಯೇ ಕೊಟ್ಟಿದೆ. ಈ ಶತಮಾನದ ಆರಂಭದಲ್ಲಿ ಕರ್ನಾಟಕದ 177 ತಾಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ದೇಶವೇ ತಿರುಗಿ ನೋಡಿದ ಕೆಲಸ ಅದು. ಅಷ್ಟು ದೊಡ್ಡ ಕೆಲಸದಲ್ಲಿ ತಪ್ಪು ನುಸುಳದೆ ಇರಲಿಲ್ಲ: ಹೆಸರಿನಲ್ಲಿ ಒಂದಕ್ಷರ ಬಿಟ್ಟುಹೋಯಿತು, ಸೆಂಟ್ಸ್ ಲೆಕ್ಕ ಏರುಪೇರಾಯಿತು, ಹಿಸ್ಸಾ ನಂಬರು ಅದಲುಬದಲಾಯಿತು. ಪಹಣಿ ತಿದ್ದುಪಡಿಗೆ ಅರ್ಜಿ ಬಂದಾಗ ಯಾವುದು ಸರಿ ಎಂದು ನೋಡಿದ್ದು ಎಲ್ಲಿ? ಕೈಬರಹದ ಪಹಣಿಯಲ್ಲಿ, ಹಳೆಯ ಅಡಂಗಲ್‌ನಲ್ಲಿ, ಮ್ಯುಟೇಶನ್ ವಹಿಯಲ್ಲಿ. ಕಂಪ್ಯೂಟರಿನ ತಪ್ಪನ್ನು ತಿದ್ದಲು ಆಧಾರವಾದದ್ದು ಕಂಪ್ಯೂಟರಿಗಿಂತ ಹಿಂದಿನ ಕಾಗದ. ಆ ಪುಸ್ತಕ ಒರಲೆ ತಿಂದು ಹೋದ ಕಡೆ ರೈತ ವರ್ಷಗಟ್ಟಲೆ ಅಲೆದ.

ನಾವು ಕಲಿಯಬೇಕಾದದ್ದರಲ್ಲಿ ಮೊದಲನೆಯದು, ಸ್ಕ್ಯಾನಿಂಗನ್ನು ಪಕ್ಕದಲ್ಲಿ ನಿಂತು ನೋಡಿಕೊಳ್ಳುವುದು. ಅದಕ್ಕೆ ಒಂದು ಕಡತವನ್ನು ಬಿಚ್ಚಿ ನೋಡೋಣ. ರಾಜ್ಯದಲ್ಲಿ ಗೇಣಿ ಪದ್ಧತಿ ಅತಿ ದಟ್ಟವಾಗಿದ್ದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಇಲ್ಲಿನ ಗೇಣಿದಾರರು ಸಾಲುಗಟ್ಟಿ ನಮೂನೆ 7ರಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಅಂಥ ಒಂದು ಕಡತದಲ್ಲಿ ಮೇಲೆ ಅರ್ಜಿ ಇರುತ್ತದೆ. ಕೆಳಗೆ ಧಣಿಗೆ ಹೋದ ನೋಟೀಸು, ಅದು ತಲುಪಿದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು, ಮುಡಿ ಅಕ್ಕಿಯ ಲೆಕ್ಕದಲ್ಲಿ ಬರೆದ ಗೇಣಿ ರಶೀದಿಗಳು, ಸಾಕ್ಷಿಗಳ ಹೇಳಿಕೆ, ಸ್ಥಳ ತನಿಖೆಯ ವರದಿ, ಅದರ ಬೆನ್ನಿಗೆ ಕೈಯಲ್ಲಿ ಬರೆದ ನಕ್ಷೆ. ಕೊನೆಗೆ ಮಂಡಳಿಯ ಆದೇಶ. ಇದರ ಮೇಲೆಯೇ ತಹಶೀಲ್ದಾರರು ನಮೂನೆ 10ರ ಅಧಿಭೋಗದಾರಿಕೆ ಪತ್ರ ಕೊಟ್ಟರು. ಇವತ್ತು ಮೊಮ್ಮಕ್ಕಳು ಪಾಲು ಮಾಡಿಕೊಳ್ಳುವಾಗ, ಬ್ಯಾಂಕು ಸಾಲ ಕೊಡುವಾಗ, ಹೆದ್ದಾರಿಗೆ ಜಾಗ ಹೋಗಿ ಪರಿಹಾರ ಬರುವಾಗ ಎಲ್ಲರೂ ಕೇಳುವುದು ಈ ಕಡತವನ್ನೇ.

ಅಂಥ ಒಂದು ಕಡತವನ್ನು ಸ್ಕ್ಯಾನ್ ಮಾಡಿದ ಪ್ರತಿಯನ್ನು ನೋಡಿದ್ದೇನೆ. ನಕ್ಷೆ ಎ4 ಹಾಳೆಗಿಂತ ದೊಡ್ಡದಾಗಿತ್ತು. ಯಂತ್ರದ ಗಾಜಿನ ಮೇಲೆ ಹಿಡಿಸಿದಷ್ಟನ್ನು ತೆಗೆದಿದ್ದರು. ಪೂರ್ವದ ಗಡಿ, ಅಲ್ಲಿ ಬರೆದಿದ್ದ ತೋಡಿನ ಗುರುತು ಹಾಳೆಯಿಂದ ಹೊರಗೆ ಹೋಗಿತ್ತು. ರಶೀದಿಗಳ ಹಿಂಬದಿಯಲ್ಲಿ ಬಾಕಿ ಲೆಕ್ಕ ಬರೆದಿತ್ತು. ಹಿಂಬದಿ ಸ್ಕ್ಯಾನ್ ಆಗಿರಲಿಲ್ಲ. ಪೆನ್ಸಿಲಿನಲ್ಲಿ ಹಾಕಿದ ಪುಟ ಸಂಖ್ಯೆ ಮಸುಕಾಗಿ ಕಾಣಿಸುತ್ತಿರಲಿಲ್ಲ. ಸ್ಕ್ಯಾನ್ ಮಾಡಿದ ಹುಡುಗರ ಮೇಲೆ ತಪ್ಪು ಹೊರಿಸಲಾರೆ. ಅವರಿಗೆ ದಿನಕ್ಕೆ ಇಷ್ಟು ಪುಟ ಎಂದು ಗುರಿ ಕೊಟ್ಟಿರುತ್ತಾರೆ. ಈ ಕಡತದಲ್ಲಿ ನಕ್ಷೆಯೇ ಜೀವ, ಹಿಂಬದಿಯನ್ನೂ ತೆಗೆಯಬೇಕು, ಪುಟಗಳ ಅನುಕ್ರಮ ತಪ್ಪಬಾರದು ಎಂದು ಹೇಳಬೇಕಾಗಿದ್ದವರು ಪಕ್ಕದಲ್ಲಿ ನಿಲ್ಲಬೇಕಿತ್ತು. ಕಡತ ಕಳುಹಿಸುವ ಮೊದಲು ಪುಟ ಎಣಿಸಿ ಬರೆಯುವುದು, ವಾಪಸು ಬಂದಾಗ ಚಿತ್ರದ ಎದುರು ಕಾಗದ ಇಟ್ಟು ತಾಳೆ ನೋಡುವುದು, ತಪ್ಪಿದ್ದನ್ನು ಮತ್ತೆ ಮಾಡಿಸುವುದು ದಾಖಲೆ ಕೊಠಡಿಯವರ ಹಕ್ಕು, ಜವಾಬ್ದಾರಿ ಎರಡೂ.

ಎರಡನೆಯ ವಿಷಯ, ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಎಂಬುದು. ನಮ್ಮ ಸರ್ಕಾರಿ ಕಚೇರಿಗಳ ವರ್ಗೀಕರಣ ನಿಮಗೆ ಗೊತ್ತು: ಎ ಎಂದರೆ ಶಾಶ್ವತ, ಬಿ 30 ವರ್ಷ, ಸಿ 10 ವರ್ಷ, ಡಿ 5 ವರ್ಷ, ಇ 1 ವರ್ಷ. ಕಡತ ಮುಕ್ತಾಯವಾಗುವಾಗ ವಿಷಯ ನಿರ್ವಾಹಕರು ಮೇಲೆ ಅಕ್ಷರ ಬರೆದು ಕಳುಹಿಸಬೇಕು. ಎಷ್ಟೋ ಕಡೆ ಬರೆಯುವುದೇ ಇಲ್ಲ. ಬರೆದರೂ ‘ಏನಾದರೂ ಆದರೆ’ ಎಂಬ ಅಂಜಿಕೆಯಿಂದ ಎಲ್ಲದಕ್ಕೂ ಎ. ಆಗ ಸಾದಿಲ್ವಾರು ರಶೀದಿಯೂ ಶಾಶ್ವತ, ಜಮೀನು ಮಂಜೂರಾತಿಯೂ ಶಾಶ್ವತ. ಕೊಠಡಿ ತುಂಬುತ್ತದೆ, ಹೊಸದು ವರಾಂಡಕ್ಕೆ ಬರುತ್ತದೆ, ಒಂದು ದಿನ ಯಾರೋ ಬೇಸತ್ತು ಲಾರಿ ತರಿಸುತ್ತಾರೆ. ಲಾರಿಯಲ್ಲಿ ಮೊದಲು ಹೋಗುವುದು ಕೈಗೆ ಹತ್ತಿರ ಸಿಕ್ಕಿದ್ದು. ಬೇಡದ್ದನ್ನು ಕಾಲಕಾಲಕ್ಕೆ ತೆಗೆಯುವ ಧೈರ್ಯವಿಲ್ಲದ ಕೊಠಡಿಯಲ್ಲಿ ಬೇಕಾದದ್ದು ಉಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ಇಲ್ಲಿ ಇನ್ನೊಂದು ತೊಡಕಿದೆ. 1799ರಲ್ಲಿ ಕಂಪನಿ ಸರ್ಕಾರದ ಕೈಗೆ ಬಂದಲ್ಲಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಾವು ಮದ್ರಾಸಿಗೆ ಸೇರಿದವರು. ಮದ್ರಾಸ್ ಪ್ರಾಂತ್ಯದ ಜಿಲ್ಲಾ ಕಚೇರಿಗಳಿಗೆ ಐಸಿಎಸ್ ಅಧಿಕಾರಿ ಟಾಟನ್‌ಹ್ಯಾಮ್ ರೂಪಿಸಿದ ಕಡತ ಪದ್ಧತಿ ಇತ್ತು. ತಮಿಳುನಾಡಿನ ಕಂದಾಯ ಕಚೇರಿಗಳಲ್ಲಿ ಅದರ ಗುರುತು ಇಂದಿಗೂ ಕಾಣಬಹುದು. ಅದರಲ್ಲಿ ‘ಆರ್. ಡಿಸ್.’ ಎಂದರೆ ಶಾಶ್ವತವಾಗಿ ಇಡತಕ್ಕದ್ದು, ‘ಡಿ. ಡಿಸ್.’ 10 ವರ್ಷ, ‘ಕೆ. ಡಿಸ್.’ 3 ವರ್ಷ, ‘ಎಲ್. ಡಿಸ್.’ 1 ವರ್ಷ. ಹಳೆಯ ಕಟ್ಟಿನ ಮೇಲೆ ಮಾಸಿದ ಕೆಂಪು ಶಾಯಿಯಲ್ಲಿ ‘ಡಿ. ಡಿಸ್.’ ಎಂದಿದ್ದರೆ ಅದನ್ನು ಇವತ್ತಿನ ಡಿ ವರ್ಗ ಎಂದುಕೊಳ್ಳುವ ಅಪಾಯ ಇದೆ. ಇಷ್ಟು ವರ್ಷ ಉಳಿದ ಒಂದು ‘ಡಿ. ಡಿಸ್.’ ಕಡತ ಈಗ ಕಂದಾಯದ ಉಪಯೋಗಕ್ಕಿಲ್ಲದಿದ್ದರೂ ಚರಿತ್ರೆಗೆ ಬೇಕಾಗಬಹುದು. ಇದನ್ನು ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಅವರಿಂದ ಕಲಿತಿಟ್ಟುಕೊಳ್ಳಲು ಉಳಿದಿರುವ ಕಾಲ ಹೆಚ್ಚಿಲ್ಲ.

ಕೇಂದ್ರದ ಅಧೀನದ ಸಂಸ್ಥೆಗಳಲ್ಲಿ ಇರುವವರು, ಅಂದರೆ ರಾಷ್ಟ್ರೀಕೃತ ಬ್ಯಾಂಕು, ನವಮಂಗಳೂರು ಬಂದರು, ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಡೆ ಇರುವವರು, 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆಯನ್ನು ಒಮ್ಮೆ ಕುಳಿತು ಓದಿ. ದೊಡ್ಡ ಕಾಯ್ದೆಯೇನಲ್ಲ. ಪ್ರತಿ ಸಂಸ್ಥೆಯೂ ಒಬ್ಬ ದಾಖಲೆ ಅಧಿಕಾರಿಯನ್ನು ನೇಮಿಸಬೇಕು ಎನ್ನುತ್ತದೆ. 1892ಕ್ಕಿಂತ ಹಿಂದಿನ ದಾಖಲೆಯನ್ನು ನಾಶ ಮಾಡಕೂಡದು. ಉಪಯೋಗಕ್ಕೆ ಬಾರದಷ್ಟು ಹಾಳಾಗಿದೆ ಎಂದು ಪತ್ರಾಗಾರದ ಮುಖ್ಯಸ್ಥರೇ ಹೇಳಿದರೆ ಮಾತ್ರ ವಿನಾಯಿತಿ. ನಿಯಮ ಮೀರಿ ನಾಶ ಮಾಡಿದವರಿಗೆ 5 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಾಖಲೆ ಅಧಿಕಾರಿಯ ಕರ್ತವ್ಯಗಳಲ್ಲಿ ವಾರ್ಷಿಕ ಸೂಚಿ ತಯಾರಿಸುವುದು, ಸಂಸ್ಥೆಯ ಇತಿಹಾಸ ಬರೆದಿಡುವುದು ಕೂಡ ಸೇರಿವೆ.

ಈ ಕೊನೆಯದು ಬ್ಯಾಂಕಿನವರಿಗೆ ಬಹಳ ಮುಖ್ಯ. ಅವಿಭಜಿತ ದಕ್ಷಿಣ ಕನ್ನಡದಲ್ಲಿ ಕೆನರಾ ಬ್ಯಾಂಕು ಮತ್ತು ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಕರ್ಣಾಟಕ ಬ್ಯಾಂಕು 1924ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ, ವಿಜಯಾ ಬ್ಯಾಂಕು 1931ರಲ್ಲಿ ಹುಟ್ಟಿದವು. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ, 2020ರ ಏಪ್ರಿಲಿನಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾದವು. ವಿಲೀನವಾದಾಗ ಖಾತೆಗಳು, ಸಾಲ, ಠೇವಣಿ ಎಲ್ಲ ಜೋಪಾನವಾಗಿ ದಾಟುತ್ತವೆ. ಹಳೆಯ ಶಾಖೆಯ ನಿರ್ಣಯ ಪುಸ್ತಕ, ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಶುರು ಮಾಡಿದ ಪಿಗ್ಮಿ ಠೇವಣಿಯ ಹಳೆ ಚೀಟಿ, ಮೊದಲ ತಲೆಮಾರಿನ ಪತ್ರವ್ಯವಹಾರ ಇವುಗಳನ್ನು ದಾಟಿಸಲು ಯಾವ ತಂತ್ರಾಂಶವೂ ಇಲ್ಲ. ಎರಡು ಶಾಖೆ ಒಂದಾಗಿ ಒಂದು ಕಟ್ಟಡ ಖಾಲಿ ಮಾಡುವ ವಾರದಲ್ಲಿ ಅದು ಉಳಿಯುವುದೂ ಅಳಿಯುವುದೂ ಅಲ್ಲಿ ನಿಂತ ಒಬ್ಬ ಸಿಬ್ಬಂದಿಯ ತಿಳುವಳಿಕೆಯ ಮೇಲೆ ನಿಂತಿದೆ. ಕರಾವಳಿಯ ಬಡವರು ದಿನಕ್ಕೆರಡು ಆಣೆಯಂತೆ ಹೇಗೆ ಉಳಿತಾಯ ಮಾಡಿದರು ಎಂಬ ಕಥೆಗೆ ಆ ಚೀಟಿಗಿಂತ ದೊಡ್ಡ ಸಾಕ್ಷಿ ಇಲ್ಲ.

ಆಸ್ಪತ್ರೆಯವರದ್ದು ಬೇರೆ ಲೆಕ್ಕ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಆರಂಭವಾದಲ್ಲಿಂದ 3 ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕಾಸರಗೋಡು, ಕೊಡಗು, ಚಿಕ್ಕಮಗಳೂರಿನಿಂದ ರೋಗಿಗಳು ಬರುವ ಈ ಊರಿನಲ್ಲಿ ಆ 72 ಗಂಟೆಗೆ ಬೆಲೆ ಇದೆ. ಪೊಲೀಸ್ ಕೇಸಿನ ದಾಖಲೆಯನ್ನಾದರೋ 3 ವರ್ಷ ಆಯಿತೆಂದು ತೆಗೆಯುವಂತಿಲ್ಲ, ಪ್ರಕರಣ ಮುಗಿಯುವವರೆಗೆ ಇಡಬೇಕು. ಇನ್ನೊಂದು ಕಡೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಗತ್ಯ ಮುಗಿದ ಮೇಲೆ ಜನರ ಖಾಸಗಿ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ. ಇಡುವುದಕ್ಕೂ ಕಾನೂನು, ತೆಗೆಯುವುದಕ್ಕೂ ಕಾನೂನು. ಹಳೆಯ ಕೇಸ್ ಶೀಟು ಗುಜರಿಗೆ ಹೋಗಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕಾಗದವಾದರೆ ಅದು ಒಬ್ಬರ ಮಾನದ ಪ್ರಶ್ನೆ. ಆದ್ದರಿಂದ ತೆಗೆಯುವುದಿದ್ದರೆ ಪಟ್ಟಿ ಮಾಡಿ, ಮೇಲಿನವರ ಸಹಿ ಪಡೆದು, ಎದುರಿಗೆ ನಿಂತು ಚೂರು ಮಾಡಿಸಿ. ಆ ಪಟ್ಟಿಯನ್ನು ಮಾತ್ರ ಎಂದೆಂದಿಗೂ ಇಡಿ.

ಮೂರನೆಯದು, ಹುಡುಕುವ ದಾರಿ. ಮಂಗಳೂರಿನ ಹಳೆಯ ಕ್ರಯಪತ್ರ ತೆಗೆದರೆ ಒಂದೇ ಜಾಗಕ್ಕೆ ಆರ್.ಎಸ್. ನಂಬರು ಒಂದು, ಟಿ.ಎಸ್. ನಂಬರು ಇನ್ನೊಂದು. ಕೊಡಿಯಾಲಬೈಲು, ಅತ್ತಾವರ, ಕದ್ರಿ, ದೇರೆಬೈಲಿನ ಜಾಗಗಳ ಮೇಲೆ ಈಗ ಬಾಗಿಲು ಸಂಖ್ಯೆ, ವಾರ್ಡು ಸಂಖ್ಯೆ, ಆಸ್ತಿ ಗುರುತಿನ ಸಂಖ್ಯೆ ಬೇರೆ ಕೂತಿವೆ. ಮೂಲಗೇಣಿ, ವರ್ಗ, ಕುಮ್ಕಿ ಎಂಬ ನಮ್ಮ ಕಡೆಯ ಹಕ್ಕುಗಳು ಘಟ್ಟದ ಮೇಲಿನ ಕಚೇರಿಗಳ ನಮೂನೆಗಳಲ್ಲಿ ಕಾಣುವುದೇ ಇಲ್ಲ. ಕಡತವೇನೋ ಕಪಾಟಿನಲ್ಲಿರುತ್ತದೆ, ಕೇಳುವವರ ಬಳಿ ಇರುವ ನಂಬರಿನಿಂದ ಅದರ ಹತ್ತಿರ ಹೋಗಲು ದಾರಿ ಇರುವುದಿಲ್ಲ. ಆಗ ಕೊಡುವ ಹಿಂಬರಹ: “ಸದರಿ ಕಡತ ಲಭ್ಯವಿರುವುದಿಲ್ಲ.” ಈ ಒಂದು ಸಾಲಿನಿಂದ ಎಷ್ಟು ಮನೆಗಳ ಪಾಲುಪಟ್ಟಿ ನಿಂತಿದೆ, ಎಷ್ಟು ವ್ಯಾಜ್ಯ ತಲೆಮಾರು ದಾಟಿದೆ ಎಂದು ನಿಮಗೆ ಗೊತ್ತು. ಹಳೆ ನಂಬರು, ಹೊಸ ನಂಬರು, ಹೆಸರು, ಗ್ರಾಮ, ವರ್ಷ ಐದನ್ನೂ ಒಂದೇ ಸಾಲಿನಲ್ಲಿ ತೋರಿಸುವ ತಾಳೆಪಟ್ಟಿ ಪ್ರತಿ ಕೊಠಡಿಯಲ್ಲೂ ಇರಬೇಕು. ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ ಇಡುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಮು ಹೇಳುತ್ತದೆ. ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು ಎಂಬುದು ಎಲ್ಲರಿಗೂ ನೆನಪಿದೆ, ಅದಕ್ಕೆ ಮೊದಲು ಬರುವ ಈ ಕಲಮನ್ನು ಮರೆತಿದ್ದೇವೆ.

ಗಡಿ ಬದಲಾದದ್ದೂ ಇಲ್ಲಿ ಸೇರುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕೆನರಾದ ತಾಲೂಕು. 1997ರವರೆಗೆ ಉಡುಪಿ ನಮ್ಮದೇ ಜಿಲ್ಲೆ. ಮಂಜೇಶ್ವರದ ಒಂದು ಕುಟುಂಬ ಅಜ್ಜನ ಕಾಲದ ಕಾಗದ ಹುಡುಕುತ್ತ ಇಲ್ಲಿಗೆ ಬಂದರೆ ಅದು ‘ಬೇರೆ ರಾಜ್ಯದ ವಿಷಯ’ ಅಲ್ಲ. ಕಡತ ಯಾವ ಕಚೇರಿಯಲ್ಲಿ ಹುಟ್ಟಿತೋ ಆ ಕಚೇರಿಯ ಗುರುತಿನೊಂದಿಗೇ, ಹುಟ್ಟಿದ ಕ್ರಮದಲ್ಲೇ ಇಡಬೇಕು ಎಂಬುದು ದಾಖಲೆಶಾಸ್ತ್ರದ ಮೊದಲ ನಿಯಮ. ಯಾವ ಗ್ರಾಮದ ಕಡತ ಯಾವ ವರ್ಷ ಎಲ್ಲಿಗೆ ರವಾನೆಯಾಯಿತು ಎಂದು ಬರೆದಿಟ್ಟರೆ ಗಡಿಯಾಚೆಯ ಕನ್ನಡಿಗರಿಗೆ ದೊಡ್ಡ ಉಪಕಾರವಾಗುತ್ತದೆ.

ನಾಲ್ಕನೆಯದು ನಮ್ಮ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು ಇದು. ಕಾಗದಕ್ಕೆ ಹಿತವಾದದ್ದು 22ರಿಂದ 25 ಡಿಗ್ರಿ ಉಷ್ಣತೆ, ಶೇ 45ರಿಂದ 55ರ ತೇವಾಂಶ. ಆಟಿ ತಿಂಗಳಲ್ಲಿ ನಮ್ಮ ಗಾಳಿಯ ತೇವಾಂಶ ಶೇ 85ನ್ನೂ ಮೀರುತ್ತದೆ. ಹವಾನಿಯಂತ್ರಣ ಎಲ್ಲರಿಗೂ ಸಿಗುವುದಿಲ್ಲ, ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕಪಾಟು ಗೋಡೆಯಿಂದಲೂ ನೆಲದಿಂದಲೂ 15 ಸೆಂಟಿಮೀಟರ್ ದೂರ ಇರಲಿ. ಗುಂಡುಸೂಜಿ, ಟ್ಯಾಗಿನ ತಗಡು, ಸ್ಟೇಪ್ಲರ್ ಪಿನ್ನು ತೆಗೆಯಿರಿ; ಉಪ್ಪುಗಾಳಿಗೆ ಅವು ತುಕ್ಕು ಹಿಡಿದು ಕಾಗದವನ್ನೇ ತೂತು ಮಾಡುತ್ತವೆ. ಹರಿದ ಕಡೆ ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಯಾಗಿ ಅಕ್ಷರ ನುಂಗುತ್ತದೆ. ಮೂಲಪತ್ರಕ್ಕೆ ಪ್ಲಾಸ್ಟಿಕ್ ಲ್ಯಾಮಿನೇಶನ್ ಖಂಡಿತ ಬೇಡ. ಒಮ್ಮೆ ಮಾಡಿದರೆ ಬಿಡಿಸಲಾಗದು, ಮುದ್ರೆಯನ್ನು ಮುಟ್ಟಿ ಪರೀಕ್ಷಿಸಲಾಗದು. ಮಾಡು ಸೋರಿ ಕಟ್ಟು ಒದ್ದೆಯಾದರೆ ಬಿಸಿಲಿಗೆ ಹಾಕಬೇಡಿ. ನೆರಳಿನಲ್ಲಿ ಫ್ಯಾನಿನ ಗಾಳಿಗೆ ಹರಡಿ. ಎರಡು ದಿನ ತಡವಾದರೆ ಬೂಷ್ಟು ಹಿಡಿಯುತ್ತದೆ. ಮೇ ತಿಂಗಳಲ್ಲಿ ಮನೆಯ ಮಾಡು ನೋಡಿಸುವ ಹಾಗೆ ರೆಕಾರ್ಡ್ ರೂಮಿನ ಮಾಡು, ಕಿಟಕಿ, ನೀರಿನ ಪೈಪು ನೋಡಿಸಿ, ನೋಡಿಸಿದ್ದಕ್ಕೆ ಒಂದು ಟಿಪ್ಪಣಿ ಬರೆದಿಡಿ.

ಐದನೆಯದು ಕಂಪ್ಯೂಟರಿನಲ್ಲಿ ಹುಟ್ಟಿದ ದಾಖಲೆ. ಮುಂದಿನ ವರ್ಷಗಳಲ್ಲಿ ನಮ್ಮನ್ನು ಹೆಚ್ಚು ಕಾಡುವುದು ಇದೇ. ಇಪ್ಪತ್ತು ವರ್ಷದ ಹಿಂದೆ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪು ಮಾಡಿದ ಆದೇಶವನ್ನು ಈಗಿನ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆ ಫಾಂಟು ಇಲ್ಲದಿದ್ದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಪಿಡಿಎಫ್ ಆಗಿದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ; ಆದರೆ ‘ಪಹಣಿ’ ಎಂದು ಹುಡುಕಿದರೆ ಏನೂ ಸಿಗದು, ಒಳಗಿರುವುದು ಯೂನಿಕೋಡ್ ಕನ್ನಡ ಅಲ್ಲ. ಕಾಗದವನ್ನು ಒರಲೆ ತಿಂದರೆ ಕಣ್ಣಿಗೆ ಕಾಣುತ್ತದೆ, ಈ ಕಡತಗಳು ಕೆಟ್ಟದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರಿವರ್ತಿಸುವ ತಂತ್ರಾಂಶಗಳು ಇರುವಾಗಲೇ, ಹಳೆಯ ಫಾಂಟು ಬಲ್ಲವರು ಇರುವಾಗಲೇ ಇವನ್ನು ಯೂನಿಕೋಡಿಗೆ ತನ್ನಿ. ಮೂಲ ಕಡತವನ್ನೂ ಜೊತೆಗಿಡಿ. ಬಹುಕಾಲ ಇಡಬೇಕಾದದ್ದಕ್ಕೆ ಪಿಡಿಎಫ್/ಎ ಎಂಬ ರೂಪವಿದೆ, ಫಾಂಟನ್ನೂ ಒಳಗೇ ಇಟ್ಟುಕೊಳ್ಳುವಂಥದ್ದು. ‘ಸ್ಕ್ಯಾನ್ 0001’, ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳನ್ನು ಬಿಟ್ಟು ವರ್ಷ, ಶಾಖೆ, ವಿಷಯ, ಕಡತ ಸಂಖ್ಯೆ ಇರುವ ಹೆಸರು ಕೊಡಿ. ಎಲ್ಲ ಪ್ರತಿಗಳೂ ಒಂದೇ ಕಟ್ಟಡದಲ್ಲಿ ಇರಬಾರದು.

ನ್ಯಾಯಾಲಯದ ದೃಷ್ಟಿಯಿಂದಲೂ ಇದನ್ನು ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಅದರ ಹ್ಯಾಷ್ ಮೌಲ್ಯ (ಬೆರಳಚ್ಚಿನಂಥ ಗುರುತು) ಇರುವ ಪ್ರಮಾಣಪತ್ರ ಬೇಕು. ಅದೇ ಕಾಯ್ದೆಯ 92ನೇ ಕಲಮು 30 ವರ್ಷ ಹಳೆಯ ದಾಖಲೆ ಇರಬೇಕಾದವರ ಸುಪರ್ದಿಯಿಂದಲೇ ಬಂದರೆ ಅದರ ಸಹಿ, ಕೈಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ. ಸಾಕ್ಷಿ ಹೇಳಬಲ್ಲವರು ತೀರಿಹೋದ ಮೇಲೆ ಕಾಗದದ ಮಾತಿಗೆ ಬೆಲೆ ಬರುವುದು ಅದನ್ನು ಸರಿಯಾದ ಜಾಗದಲ್ಲಿ ಕಾದವರಿಂದ. ಕಡತ ಯಾರ ಕೈಗೆ ಯಾವ ದಿನ ಹೋಯಿತು, ಯಾವಾಗ ವಾಪಸು ಬಂತು ಎಂದು ನೀವು ಬರೆಯುವ ಆ ಒಂದು ಸಾಲಿಗೆ ಇಷ್ಟು ತೂಕ ಇದೆ.

ದಾಖಲೆ ಕಾಯುವುದು ನಮ್ಮ ಊರಿಗೆ ಹೊಸ ವಿದ್ಯೆಯಲ್ಲ. ಜೈನರ ಧವಳಾ ಗ್ರಂಥಗಳ ಶತಮಾನಗಳಷ್ಟು ಹಳೆಯ ತಾಳೆಗರಿಗಳು ಉಳಿದದ್ದು ಮೂಡಬಿದಿರೆಯ ಬಸದಿಯಲ್ಲಿ, ಇದೇ ಮಳೆಯ ನಾಡಿನಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತಮ್ಮ ಕೆಲಸದ ವರದಿಯನ್ನು ತಪ್ಪದೆ ಸ್ವಿಟ್ಜರ್ಲೆಂಡಿಗೆ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಕ್ರಮವಾಗಿ ಇಟ್ಟರು. 1841ರ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1865ರ ಹಂಚಿನ ಕಾರ್ಖಾನೆ ಇವುಗಳ ಬಗ್ಗೆ ನಾವಿಂದು ಇಷ್ಟು ಖಚಿತವಾಗಿ ಮಾತಾಡಲು ಆ ಕಾಗದಗಳೇ ಕಾರಣ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಆ ಪರಂಪರೆಯ ಒಂದು ಪಾಲು ಇದೆ. ನೀವು ಅಲ್ಲಿಗೆ ಹೋಗಿಲ್ಲದಿದ್ದರೆ ಒಮ್ಮೆ ಹೋಗಿ, ಹೇಗೆ ಇಟ್ಟಿದ್ದಾರೆ ನೋಡಿ.

ಕಲಿಯುವ ದಾರಿಗಳೂ ಇವೆ. 1891ರಲ್ಲಿ ಕಲ್ಕತ್ತೆಯಲ್ಲಿ ಶುರುವಾಗಿ ಈಗ ದೆಹಲಿಯಲ್ಲಿರುವ ರಾಷ್ಟ್ರೀಯ ಪತ್ರಾಗಾರ ತನ್ನ ಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ, ದಾಖಲೆ ನಿರ್ವಹಣೆಯ ಮತ್ತು ಕಾಗದ ಸಂರಕ್ಷಣೆಯ ಅಲ್ಪಾವಧಿ ಕೋರ್ಸುಗಳನ್ನು ನಡೆಸುತ್ತದೆ. ಕಚೇರಿಯಿಂದಲೇ ಕಳುಹಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಒಮ್ಮೆ ಬೇಡ ಎಂದರೆ ಮತ್ತೆ ಕೇಳಿ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ ವಿಭಾಗ ಇದೆ, ಮಣಿಪಾಲದಲ್ಲಿ ಆರೋಗ್ಯ ಮಾಹಿತಿ ನಿರ್ವಹಣೆಯನ್ನೇ ಕಲಿಸುವ ವಿಭಾಗ ಇದೆ. ದಾಖಲೆ ನಿರ್ವಹಣೆಗೆ ಐಎಸ್‌ಒ 15489 ಎಂಬ ಅಂತಾರಾಷ್ಟ್ರೀಯ ಮಾನದಂಡ 2001ರಲ್ಲಿ ಬಂದು 2016ರಲ್ಲಿ ಪರಿಷ್ಕೃತವಾಗಿದೆ. ಬ್ರಿಟನ್ನಿನ ದಾಖಲೆ ನಿರ್ವಾಹಕರು 1983ರಲ್ಲೇ ತಮ್ಮದೊಂದು ಸಂಘ ಕಟ್ಟಿಕೊಂಡು ಒಬ್ಬರಿಂದೊಬ್ಬರು ಕಲಿಯುತ್ತ ಬಂದರು. ಮಂಗಳೂರಿನಲ್ಲಿ ವಕೀಲರಿಗೆ ಸಂಘ ಇದೆ, ವೈದ್ಯರಿಗೆ ಇದೆ, ಛಾಯಾಗ್ರಾಹಕರಿಗೆ ಇದೆ. ನಮಗೂ ಬೇಕು.

ನನ್ನ ಬೇಡಿಕೆ ಸಣ್ಣದು. ತಿಂಗಳಿಗೊಮ್ಮೆ ಒಂದು ಶನಿವಾರ ಮಧ್ಯಾಹ್ನ ಸೇರೋಣ. ಒಂದು ತಿಂಗಳು ಆಸ್ಪತ್ರೆಯವರು ತಮ್ಮ ಕಡತದ ಬಣ್ಣದ ಗುರುತು ಹೇಗೆಂದು ತೋರಿಸಲಿ. ಇನ್ನೊಂದು ತಿಂಗಳು ತಾಲೂಕು ಕಚೇರಿಯವರು ಮದ್ರಾಸಿನ ಕಾಲದ ಗುರುತುಗಳನ್ನು ಓದುವುದು ಕಲಿಸಲಿ. ಬ್ಯಾಂಕಿನವರು ನಾಶಪಟ್ಟಿ ಮಾಡುವ ಕ್ರಮ ಹೇಳಲಿ. ವಿಶ್ವವಿದ್ಯಾಲಯದವರು ಸೂಚಿ ಕಟ್ಟುವುದನ್ನು ಹೇಳಿಕೊಡಲಿ. ನಿವೃತ್ತ ಶಿರಸ್ತೇದಾರರನ್ನು, ಹಳೆಯ ಗ್ರಾಮಕರಣಿಕರನ್ನು ಕರೆದು ಕೇಳೋಣ, ಕೇಳಿದ್ದನ್ನು ಕನ್ನಡದಲ್ಲಿ ಬರೆದಿಡೋಣ. ವರ್ಷ ತುಂಬುವುದರೊಳಗೆ ಮಂಗಳೂರಿನ ದಾಖಲೆ ಕೊಠಡಿಗಳಿಗೆ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತದೆ. ಯಾರ ಅನುಮತಿಯೂ ಬೇಕಾಗಿಲ್ಲ, ದೊಡ್ಡ ಖರ್ಚೂ ಇಲ್ಲ. ಯಾರ ಖಾಸಗಿ ಕಡತವನ್ನೂ ಸಭೆಗೆ ತರುವುದು ಬೇಡ. ಪದ್ಧತಿಯನ್ನು ಮಾತ್ರ ತನ್ನಿ.

ಜೂನ್ 9 ಅಂತಾರಾಷ್ಟ್ರೀಯ ಪತ್ರಾಗಾರ ದಿನ. ಆ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ. ಅದಕ್ಕೆ ಮೊದಲೇ, ಮುಂದಿನ ವಾರವೇ, ನಿಮ್ಮ ಕೊಠಡಿಯಲ್ಲಿ ಒಂದೇ ಒಂದು ಕಪಾಟನ್ನು ತೆಗೆದುಕೊಳ್ಳಿ. ಅದರಲ್ಲಿ ಏನಿದೆ ಎಂದು ಮೊದಲಿನಿಂದ ಕೊನೆಯವರೆಗೆ ಪಟ್ಟಿ ಮಾಡಿ, ದಿನಾಂಕ ಹಾಕಿ, ಸಹಿ ಮಾಡಿ. ಆ ಪಟ್ಟಿ ಹಿಡಿದುಕೊಂಡು ಮೊದಲ ಸಭೆಗೆ ಬನ್ನಿ.

ಇಂತಿ ನಿಮ್ಮ,
ಒಬ್ಬ ನಿವೃತ್ತ ದಾಖಲೆಪಾಲಕ
ಮಂಗಳೂರು